ಹಿಮದ ಬಿಸಿಲು ಮತ್ತು ಗೃಹಸ್ಥನ ವಿವೇಕ

ಧರ್ಮದ ದೊಡ್ಡ ಪ್ರಶ್ನೆಗಳು ಬಸದಿಯ ಪ್ರವಚನದಲ್ಲಿ ಎದ್ದಾಗ ನಮಗೆ ಉತ್ತರಗಳು ಬೇಗನೆ ಹೊಳೆಯುತ್ತವೆ. ಅದೇ ಪ್ರಶ್ನೆಗಳು ಔಷಧದ ಅಂಗಡಿಯ ಮುಂದೆ, ಐವತ್ತು ಗ್ರಾಂ ತೂಕದ ಒಂದು ಟ್ಯೂಬಿನ ರೂಪದಲ್ಲಿ ಎದುರಾದಾಗ ತಡವರಿಸುತ್ತೇವೆ. ಅಹಿಂಸೆಯನ್ನು ಕುರಿತು ಗಂಟೆಗಟ್ಟಲೆ ಮಾತನಾಡಬಲ್ಲ ನಾನು ಅಂತಹ ಒಂದು ಟ್ಯೂಬಿನ ಮುಂದೆ ಹೇಗೆ ಎಡವಿದೆನೆಂಬುದನ್ನು ಸಂಕೋಚದಿಂದಲೇ ಇಲ್ಲಿ ನಿವೇದಿಸುತ್ತಿದ್ದೇನೆ. ಪ್ರಸಂಗ ಚಿಕ್ಕದು. ಆದರೆ ಇಂತಹ ಚಿಕ್ಕ ಪ್ರಸಂಗಗಳು ಇಂದು ನಮ್ಮ ಅನೇಕ ಕುಟುಂಬಗಳಲ್ಲಿ ನಡೆಯುತ್ತಿರುವುದರಿಂದ ವಾಚಕರ ಮುಂದಿಡುವುದು ಉಚಿತವೆನಿಸಿತು.

ನಮ್ಮದು ನೆಲಮಂಗಲ. ಬೆಂಗಳೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆದು, ಒಂದು ತುಮಕೂರಿನ ಕಡೆಗೂ ಇನ್ನೊಂದು ಕುಣಿಗಲ್, ಹಾಸನಗಳ ಕಡೆಗೂ ಸಾಗುತ್ತದೆ. ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರ ವಾಹನಗಳನ್ನು ನೋಡುತ್ತ ಬೆಳೆದವರು ನಾವು. ನಮ್ಮ ಕಾಲದಲ್ಲಿ ಪ್ರವಾಸವೆಂದರೆ ಆ ಬೆಟ್ಟವೇ, ಇಲ್ಲವೇ ಮೂಡುಬಿದಿರೆ, ಕಾರ್ಕಳ, ಹೊಂಬುಜ. ಈಗ ಮಕ್ಕಳು ಹಿಮಾಲಯಕ್ಕೆ ಹೋಗುತ್ತಾರೆ, ಅಲ್ಲಿ ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುತ್ತಾರೆ. ಹಿಮವೇ ಬೀಳದ ನಾಡಿನವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಇದೇ ಸ್ಕೀ ಕ್ರೀಡೆಯಲ್ಲಿ ದೇಶವನ್ನು ಪ್ರತಿನಿಧಿಸಿರುವಾಗ, ಇದು ನಮ್ಮವರಿಗೆ ಸಲ್ಲದ ಆಟವೆಂದು ಹೇಳಲಾಗದು.

2023ರ ಫೆಬ್ರವರಿಯಲ್ಲಿ ನನ್ನ ಮೊಮ್ಮಗಳು ಕಾಲೇಜಿನ ಗೆಳತಿಯರೊಡನೆ ಮನಾಲಿಯ ಮೇಲಿನ ಸೋಲಂಗ್ ಕಣಿವೆಗೆ ಸ್ಕೀ ಕಲಿಯಲು ಹೊರಟಳು. ಹೊರಡುವ ಮೊದಲು ಬಟ್ಟೆಬರೆ ಕೊಳ್ಳಲು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಔಷಧದ ಅಂಗಡಿಯಲ್ಲಿ ಸನ್‌ಸ್ಕ್ರೀನ್ ಲೇಪದ ಟ್ಯೂಬೊಂದನ್ನು ಕೈಗೆತ್ತಿಕೊಂಡು, “ತಾತ, ಇದು ಬೇಕಂತೆ, ಅಲ್ಲಿ ಮುಖ ಸುಟ್ಟುಹೋಗುತ್ತದಂತೆ” ಎಂದಳು. ಇಂತಹ ಲೇಪಗಳಲ್ಲಿ ಜೇನುಮೇಣವೂ ಪ್ರಾಣಿಗಳ ಕೊಬ್ಬೂ ಇರುತ್ತವೆಂದು ಯಾರಿಂದಲೋ ಕೇಳಿದ್ದೆ. ಜೊತೆಗೆ, ಮುಖಕ್ಕೆ ಬಳಿದುಕೊಳ್ಳುವುದೆಲ್ಲ ಶೃಂಗಾರವೆಂಬ ಭಾವನೆಯೂ ನನ್ನಲ್ಲಿ ಗಟ್ಟಿಯಾಗಿತ್ತು. “ಅಷ್ಟು ಚಳಿಯಲ್ಲಿ ಎಂತಹ ಬಿಸಿಲು ಮಗು? ನಮ್ಮ ಮನೆಯಲ್ಲಿ ಇಂತಹದನ್ನು ಬಳಸುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೋ, ಗಂಧವಿದೆ, ಸಾಕು” ಎಂದೆ. ಅವಳು ವಾದಿಸಲಿಲ್ಲ. ಟ್ಯೂಬನ್ನು ಇದ್ದಲ್ಲಿಯೇ ಇಟ್ಟುಬಿಟ್ಟಳು.

ನಾಲ್ಕನೆಯ ದಿನ ದೂರವಾಣಿ ಬಂದಿತು. ಮೂಗು, ಕೆನ್ನೆ, ಗಲ್ಲದ ಕೆಳಭಾಗ ಬೊಬ್ಬೆಯೆದ್ದಿದ್ದವು. ಕಣ್ಣಿಗೆ ಮರಳು ತುಂಬಿದಂತಾಗಿ ಒಂದು ಹಗಲು, ಒಂದು ರಾತ್ರಿ ರೆಪ್ಪೆ ತೆರೆಯಲಾಗದೆ ಕತ್ತಲ ಕೋಣೆಯಲ್ಲಿ ಮಲಗಿದ್ದಳಂತೆ. ಗೆಳತಿಯರು ತಮ್ಮ ಲೇಪವನ್ನು ಕೊಡಲು ಬಂದಿದ್ದರು, ಇವಳು ತೆಗೆದುಕೊಂಡಿರಲಿಲ್ಲ. ಊರಿಗೆ ಹಿಂದಿರುಗಿದಾಗ ಮುಖದ ಚರ್ಮ ಹಾಳೆಯಂತೆ ಸುಲಿಯುತ್ತಿತ್ತು. ಏಕೆ ತೆಗೆದುಕೊಳ್ಳಲಿಲ್ಲವೆಂದು ಕೇಳಿದೆ. “ನೀವು ಬೇಡ ಅಂದಿದ್ದಿರಲ್ಲ ತಾತ” ಎಂದಳು.

ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಆದುದರಿಂದಲೇ ಅದು ನನ್ನನ್ನು ಹೆಚ್ಚು ಚುಚ್ಚಿತು.

ಚರ್ಮವೈದ್ಯರಲ್ಲಿಗೆ ಕರೆದೊಯ್ದಾಗ ನನ್ನ ಅಜ್ಞಾನದ ಆಳ ತಿಳಿಯಿತು. ಸುಡುವುದು ಬಿಸಿಲಿನ ಬೇಗೆಯೆಂದು ನಾನು ಭಾವಿಸಿದ್ದೆ. ವಾಸ್ತವವಾಗಿ ಚರ್ಮವನ್ನು ಸುಡುವುದು ಕಣ್ಣಿಗೆ ಕಾಣದ, ಮೈಗೆ ಬೆಚ್ಚಗೆನಿಸದ ಅತಿನೇರಳೆ ಕಿರಣಗಳು. ಗಾಳಿ ತಣ್ಣಗಿದ್ದರೂ ಅವು ತಮ್ಮ ಕೆಲಸವನ್ನು ಮಾಡುತ್ತಲೇ ಇರುತ್ತವೆ. ಎತ್ತರ ಒಂದು ಸಾವಿರ ಮೀಟರು ಹೆಚ್ಚಿದಂತೆ ಅವುಗಳ ತೀವ್ರತೆ ಸುಮಾರು ಶೇಕಡಾ 10ರಷ್ಟು ಏರುತ್ತದೆ. ನೆಲಮಂಗಲ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದ್ದರೆ ಸೋಲಂಗ್ ಸುಮಾರು 2,500 ಮೀಟರು ಎತ್ತರದಲ್ಲಿದೆ. ಅದಕ್ಕಿಂತ ಮುಖ್ಯವಾದುದು ಹಿಮ. ಹುಲ್ಲು, ಮಣ್ಣುಗಳು ಈ ಕಿರಣಗಳಲ್ಲಿ ಅತ್ಯಲ್ಪ ಭಾಗವನ್ನು ಮಾತ್ರ ಹಿಂದಕ್ಕೆ ಚೆಲ್ಲುತ್ತವೆ, ಹೊಸದಾಗಿ ಬಿದ್ದ ಹಿಮವಾದರೋ ಶೇಕಡಾ 80ರವರೆಗೂ ಪ್ರತಿಫಲಿಸಬಲ್ಲದು. ನಮ್ಮೂರಿನ ಬಿಸಿಲೂ ಸೌಮ್ಯವಾದುದಲ್ಲ. ಆದರೆ ಇಲ್ಲಿ ಅದು ಮೇಲಿನಿಂದ ಬರುತ್ತದೆ, ಸೆರಗಿಗೂ ಟೋಪಿಗೂ ತಡೆಯುತ್ತದೆ, ಬೇಗೆಯಿಂದಲೇ ನಮ್ಮನ್ನು ನೆರಳಿಗೆ ಅಟ್ಟುತ್ತದೆ. ಹಿಮದ ಮೇಲೆ ಅದು ಕೆಳಗಿನಿಂದಲೂ ಬಂದು ಗಲ್ಲದಡಿಯನ್ನು, ಮೂಗಿನ ಹೊಳ್ಳೆಗಳನ್ನು ತಟ್ಟುತ್ತದೆ. ಟೋಪಿಗೆ ಅದು ಅಡ್ಡಿಯಾಗದು, ಚಳಿ ಎಚ್ಚರಿಸದು. ನನ್ನ ಕೊಬ್ಬರಿ ಎಣ್ಣೆ, ಗಂಧಗಳು ಆ ಬಿಸಿಲನ್ನು ತಡೆಯುವಷ್ಟು ಶಕ್ತವಾದುವಲ್ಲ. ಕಪ್ಪು ಮೈಬಣ್ಣ ಕೊಂಚ ಆಸರೆ ನೀಡುವುದು ನಿಜವಾದರೂ ಪೂರ್ಣ ರಕ್ಷಣೆ ನೀಡದು. ಕಣ್ಣಿನ ಹೊರಪೊರೆ ಸುಡುವುದನ್ನು ಹಿಮಕುರುಡು ಎನ್ನುತ್ತಾರೆ. ಬಿಸಿಲಿನಲ್ಲಿದ್ದಾಗ ಅದು ತಿಳಿಯದೆ, ಕೆಲವು ಗಂಟೆಗಳ ತರುವಾಯ ನೋವು ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆಂಬುದೇ ನಮ್ಮ ಪುಣ್ಯ.

ಮನೆಗೆ ಬಂದ ಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಲು ಕುಳಿತೆ. ಅದೇ ಅಂಗಡಿಗೆ ಹೋಗಿ ಅದೇ ಟ್ಯೂಬನ್ನು ಕೊಂಡು ತಂದು, ಭೂತಗಾಜು ಹಿಡಿದು ಅದರ ಬೆನ್ನಿನ ಮೇಲಿದ್ದ ಸಣ್ಣಕ್ಷರಗಳನ್ನು ಮೊಮ್ಮಗಳ ಸಹಾಯದಿಂದ ಓದಿದೆ. ಅದರಲ್ಲಿ ಜೇನುಮೇಣವಿರಲಿಲ್ಲ. ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುವ ಲ್ಯಾನೋಲಿನ್ ಇರಲಿಲ್ಲ. ಶಾರ್ಕ್ ಮೀನಿನ ಯಕೃತ್ತಿನಿಂದ ಬರಬಹುದಾದ, ಆಲಿವ್ ಅಥವಾ ಕಬ್ಬಿನಿಂದಲೂ ತಯಾರಿಸಬಹುದಾದ ಸ್ಕ್ವಾಲೇನ್ ಸಹ ಇರಲಿಲ್ಲ. ಬಿಸಿಲನ್ನು ತಡೆಯುವ ಮುಖ್ಯದ್ರವ್ಯ ಸತುವಿನ ಆಕ್ಸೈಡ್, ಅಂದರೆ ಕ್ರಿಕೆಟ್ ಆಟಗಾರರು ಮೂಗಿನ ಮೇಲೆ ಬಳಿದುಕೊಳ್ಳುವ ಬಿಳಿಯ ಲೇಪದಲ್ಲಿಯೂ, ತುರಿಕೆಗೆ ಹಚ್ಚುವ ಕ್ಯಾಲಮೈನ್‌ನಲ್ಲಿಯೂ ಇರುವ ಖನಿಜವಸ್ತು. ಸಂದೇಹಕ್ಕೆ ಎಡೆಯಿದ್ದುದು ಎರಡೇ ಹೆಸರುಗಳಲ್ಲಿ: ಗ್ಲಿಸರಿನ್ ಮತ್ತು ಸ್ಟಿಯರಿಕ್ ಆಮ್ಲ. ಇವನ್ನು ತಾಳೆ ಎಣ್ಣೆಯಿಂದಲೂ ಪಡೆಯಬಹುದು, ಪ್ರಾಣಿಗಳ ಕೊಬ್ಬಿನಿಂದಲೂ ಪಡೆಯಬಹುದು. ಯಾವುದರಿಂದ ಪಡೆದುದೆಂದು ಟ್ಯೂಬಿನ ಮೇಲೆ ಮುದ್ರಿಸಿರಲಿಲ್ಲ. ಆಹಾರದ ಪೊಟ್ಟಣಗಳ ಮೇಲೆ ನಾವು ನೋಡುವ ಹಸಿರು ಚಿಹ್ನೆಯನ್ನು ಎಲ್ಲ ಪ್ರಸಾಧನಗಳ ಮೇಲೂ ಕಾಣಲಾಗುವುದಿಲ್ಲ. ತಯಾರಕರಿಗೆ ಪತ್ರ ಬರೆದೆ. ಮೂರು ವಾರಗಳ ನಂತರ ಉತ್ತರ ಬಂದಿತು: ಎರಡೂ ಸಸ್ಯಮೂಲದವು.

ಓದದೆಯೇ ನಾನು ತಿರಸ್ಕರಿಸಿದ್ದ ವಸ್ತು ನಿರ್ದೋಷವಾಗಿತ್ತು. ಒಂದು ವೇಳೆ ಅದು ಸದೋಷವಾಗಿದ್ದಿದ್ದರೂ ನನ್ನ ತಪ್ಪು ತಪ್ಪೇ ಆಗಿರುತ್ತಿತ್ತು. ಏಕೆಂದರೆ ನನ್ನ ನಿರ್ಣಯಕ್ಕೆ ಅರಿವು ಆಧಾರವಾಗಿರಲಿಲ್ಲ. ಅಭ್ಯಾಸ ಮತ್ತು ಗಾಳಿಮಾತುಗಳಷ್ಟೇ ಆಧಾರವಾಗಿದ್ದವು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕೆ ಪ್ರಮಾದವನ್ನು ಕಾರಣವಾಗಿ ಮುಂದಿಟ್ಟಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ಇದನ್ನು ನಾವು ಸಾಮಾನ್ಯವಾಗಿ ಬಳಕೆಯ ವಿಷಯಕ್ಕೆ ಮಾತ್ರ ಅನ್ವಯಿಸುತ್ತೇವೆ: ನೋಡದೆ ನಡೆದೆವು, ಸೋಸದೆ ಕುಡಿದೆವು, ವಿಚಾರಿಸದೆ ತಿಂದೆವು, ಇವೆಲ್ಲ ಪ್ರಮಾದ. ಆದರೆ ವಿಚಾರಿಸದೆ ಬಿಡುವುದರಲ್ಲಿಯೂ ಪ್ರಮಾದವಿರಬಹುದೆಂದು ನಾವು ಎಣಿಸುವುದಿಲ್ಲ. ಬಿಟ್ಟದ್ದೆಲ್ಲ ಪುಣ್ಯವೆಂದು ಭಾವಿಸಿಬಿಡುತ್ತೇವೆ. ನಾನು ಬಿಟ್ಟದ್ದರಿಂದ ಯಾವ ಜೇನುಹುಳುವೂ ಉಳಿಯಲಿಲ್ಲ. ಪಂಚೇಂದ್ರಿಯ ಜೀವವೊಂದು, ಅದೂ ನನ್ನ ಮಾತನ್ನು ನಂಬಿದ ಮಗು, ನೊಂದಿತು. ಈ ಲೆಕ್ಕವನ್ನು ಯಾವ ರೀತಿಯಲ್ಲಿ ಹಾಕಿದರೂ ನನ್ನ ಕಡೆಗೆ ಉಳಿಕೆ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಸಹಜ. ನಮ್ಮ ಮುನಿಗಳು ಚಳಿ, ಬಿಸಿಲು, ಸೊಳ್ಳೆ, ನೊಣಗಳ ಬಾಧೆಯನ್ನು ನಿರ್ವಿಕಾರವಾಗಿ ಸಹಿಸುತ್ತಾರಲ್ಲವೇ? ಇಪ್ಪತ್ತೆರಡು ಪರೀಷಹಗಳಲ್ಲಿ ಶೀತ, ಉಷ್ಣಗಳೆರಡೂ ಇಲ್ಲವೇ? ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿಯ ಭಗವಾನ್ ಬಾಹುಬಲಿಯ ಮೂರ್ತಿ 981ರಿಂದ ತಲೆಯ ಮೇಲೆ ಮಾಡಿಲ್ಲದೆ, ಬಿಸಿಲಿಗೆ ಮುಖವೊಡ್ಡಿ ನಿಂತಿಲ್ಲವೇ? ದೇಹಕ್ಕೆ ಇಷ್ಟೊಂದು ಉಪಚಾರವೇಕೆ?

ಈ ಆಕ್ಷೇಪಣೆಯನ್ನು ಲಘುವಾಗಿ ತೆಗೆದುಹಾಕಲಾಗದು. ಆದರೆ ಪರೀಷಹಜಯದ ಮಹಿಮೆ ಇರುವುದು ಅದನ್ನು ಸಹಿಸುವವನೇ ಅರಿತು ಆರಿಸಿಕೊಂಡಿರುವುದರಲ್ಲಿ. ದೀಕ್ಷೆ ಪಡೆದ ಮುನಿಗೆ ಬಿಸಿಲು ತಪಸ್ಸು. ದೀಕ್ಷೆಯಿಲ್ಲದ, ಅಪಾಯದ ಅರಿವಿಲ್ಲದ ಹತ್ತೊಂಬತ್ತು ವರ್ಷದ ಹುಡುಗಿಗೆ ಅದು ಬರಿಯ ಗಾಯ. ನಾನು ತೊಟ್ಟಿದ್ದ ನಿಯಮವನ್ನು ನನ್ನ ಮುಖದ ಮೇಲೆ ಆಚರಿಸಿದ್ದರೆ ಅದನ್ನು ವ್ರತವೆನ್ನಬಹುದಾಗಿತ್ತು. ಅವಳ ಮುಖದ ಮೇಲೆ ಆಚರಿಸಿದೆ. ಅದರ ನೋವನ್ನು ಅವಳು ಅನುಭವಿಸಿದಳು, ನಿಷ್ಠೆಯ ಸಮಾಧಾನವನ್ನು ನಾನು ಅನುಭವಿಸಿದೆ. ಇನ್ನೊಬ್ಬರ ಮೈಮೇಲೆ ನಾವು ಆಚರಿಸುವ ತ್ಯಾಗಕ್ಕೆ ಯಾವ ಹೆಸರಿಡಬೇಕೋ ನನಗೆ ತಿಳಿಯದು, ವ್ರತವೆಂಬ ಹೆಸರಂತೂ ಸಲ್ಲದು.

ಗೃಹಸ್ಥನಿಗೂ ಮುನಿಗೂ ನಮ್ಮ ಆಚಾರ್ಯರು ಬೇರೆಬೇರೆ ಅಳತೆಗಳನ್ನು ಕೊಟ್ಟುದು ಗೃಹಸ್ಥನನ್ನು ಕೀಳೆಂದು ಎಣಿಸಿಯಲ್ಲ, ಅವನ ಹೊಣೆಗಳನ್ನು ಬಲ್ಲವರಾದುದರಿಂದ. ನಮ್ಮ ತಾಲ್ಲೂಕಿನ ಮಣ್ಣೆ ಗ್ರಾಮವೇ ಇದಕ್ಕೆ ಸಾಕ್ಷಿ. ಗಂಗರ ಕಾಲದಲ್ಲಿ ಅದು ಮಾನ್ಯಪುರವೆಂಬ ರಾಜಧಾನಿ. ಅಲ್ಲಿ ಜಿನಾಲಯವನ್ನು ಕಟ್ಟಿಸಿದವನು ಶ್ರೀವಿಜಯನೆಂಬ ಸೇನಾಪತಿಯೆಂದು ಗಂಗ ಮಾರಸಿಂಹನ ಕಾಲದ 797ರ ತಾಮ್ರಶಾಸನ ತಿಳಿಸುತ್ತದೆ. ಬಾಹುಬಲಿಯನ್ನು ಕಡೆಯಿಸಿದ ಚಾವುಂಡರಾಯನೂ ಸೇನಾಪತಿಯೇ. ಖಡ್ಗ ಹಿಡಿದವನನ್ನೂ ಶ್ರಾವಕನೆಂದು ಒಪ್ಪಿದ ಪರಂಪರೆ, ಸಂಕಲ್ಪಪೂರ್ವಕವಾದ ಹಿಂಸೆಯನ್ನು ನಿಷೇಧಿಸಿ, ರಕ್ಷಣೆಯ ಮತ್ತು ಜೀವನನಿರ್ವಹಣೆಯ ಸಂದರ್ಭದಲ್ಲಿ ಅನಿವಾರ್ಯವಾದುದನ್ನು ಎಚ್ಚರದಿಂದ ಮಿತಗೊಳಿಸೆಂದು ಬೋಧಿಸಿತು. ಆಶ್ರಿತರ ಮೈಯನ್ನು ಕಾಯುವುದು ಆ ಗೃಹಸ್ಥಧರ್ಮದೊಳಗೇ ಸೇರಿದ ಕರ್ತವ್ಯ.

ಹಾಗಾದರೆ ಮುಖಕ್ಕೆ ಹಚ್ಚುವುದೆಲ್ಲ ನಿರ್ದೋಷವೇ? ಇಲ್ಲ. ರಕ್ಷಣೆಗೂ ಶೃಂಗಾರಕ್ಕೂ ನಡುವೆ ಗೆರೆಯೊಂದಿದೆ. ಇಂದಿನ ವ್ಯಾಪಾರವು ಆ ಗೆರೆಯನ್ನು ಅಳಿಸುವುದರಲ್ಲಿ ಬಹಳ ಚತುರವಾಗಿದೆ. ಬಿಸಿಲಿನ ರಕ್ಷಣೆಯೆಂದು ಮಾರುವ ಎಷ್ಟೋ ಲೇಪಗಳು ಜೊತೆಯಲ್ಲಿಯೇ ಬಿಳುಪನ್ನೂ ಮಾರುತ್ತವೆ. ಮಗಳು ಸುಡದಿರಲಿ ಎಂಬ ಕಾಳಜಿ ಯಾವಾಗ ಮಗಳು ಕಪ್ಪಾಗದಿರಲಿ ಎಂಬ ಆತಂಕವಾಗುತ್ತದೆಯೋ ತಂದೆತಾಯಿಗಳಿಗೇ ತಿಳಿಯುವುದಿಲ್ಲ. ಸುಡುವುದು ದೇಹದ ನೋವು. ಕಪ್ಪಾಗುವುದು ನೋವೇ ಅಲ್ಲ, ಜನರ ದೃಷ್ಟಿಯ ಭಯ. ಮೊದಲನೆಯದಕ್ಕೆ ಹಚ್ಚುವ ಲೇಪ ಔಷಧಕ್ಕೆ ಸಮಾನ, ಎರಡನೆಯದಕ್ಕೆ ಹಚ್ಚುವುದು ಪರಿಗ್ರಹದ ಇನ್ನೊಂದು ರೂಪ. ಟ್ಯೂಬು ಒಂದೇ ಇರಬಹುದು, ಕೊಳ್ಳುವ ಮನಸ್ಸನ್ನು ನಾವೇ ಪರೀಕ್ಷಿಸಿಕೊಳ್ಳಬೇಕು.

ಇನ್ನೂ ಮೂಲಕ್ಕೆ ಹೋಗಿ ಕೇಳುವವರುಂಟು: ಆ ಪ್ರವಾಸವೇ ಏಕೆ? ಶ್ರಾವಕನ ಗುಣವ್ರತಗಳಲ್ಲಿ ದಿಗ್ವ್ರತವಿದೆ, ಸಂಚಾರಕ್ಕೆ ಮೇರೆ ಹಾಕಿಕೊಳ್ಳುವುದು. ಅನರ್ಥದಂಡವ್ರತವಿದೆ, ನಿಷ್ಪ್ರಯೋಜನವಾದ ಹಿಂಸೆಯಿಂದ ದೂರವಿರುವುದು. ಇಬ್ಬನಿ, ಮಂಜು, ಹಿಮಗಳನ್ನು ನಮ್ಮ ಶಾಸ್ತ್ರಗಳು ಜಲಕಾಯಿಕ ಜೀವಗಳಲ್ಲಿ ಎಣಿಸಿವೆ, ಅವುಗಳ ಮೇಲೆ ಜಾರಿ ಆಡುವುದು ವಿನೋದಕ್ಕಾಗಿ ಮಾಡುವ ಹಿಂಸೆಯಾಗದೇ? ಈ ಪ್ರಶ್ನೆಗೆ ನಾನು ಸುಲಭದ ಉತ್ತರ ಕೊಡಲಾರೆ. ವ್ರತಿಕನೊಬ್ಬ ಈ ಕಾರಣದಿಂದ ಹಿಮದ ಆಟವನ್ನು ಬಿಟ್ಟರೆ ಅವನಿಗೆ ನನ್ನ ನಮಸ್ಕಾರ. ಆದರೆ ನಾವು ಮಗಳನ್ನು ಹೋಗಲು ಒಪ್ಪಿ, ಹಣ ಕೊಟ್ಟು, ರೈಲು ಹತ್ತಿಸಿ, ಅನಂತರ ಹದಿನೈದು ಹನಿ ಲೇಪದ ಬಳಿಗೆ ಬಂದು ಧರ್ಮವನ್ನು ನೆನೆಯುವುದು ಯಾವ ನ್ಯಾಯ? ಸಂಯಮವನ್ನು ಹೊರಡುವ ಮೊದಲೇ ಚರ್ಚಿಸಬೇಕು, ಅದೂ ಹೊರಡುವವರೊಡನೆ ಕುಳಿತು. ಪ್ರಯಾಣಕ್ಕೆ ಸಮ್ಮತಿಸಿದ ಮೇಲೆ ರಕ್ಷಣೆಗೂ ಸಮ್ಮತಿಸಿದಂತೆಯೇ.

ಈ ಮಾತುಕತೆಯ ನಡುವೆ ಮೊಮ್ಮಗಳು ಕೇಳಿದ ಒಂದು ಪ್ರಶ್ನೆಯನ್ನು ಮುಚ್ಚಿಡಬಾರದು. “ತಾತ, ಜೇನುಮೇಣ ಬೇಡ ಅಂದಿರಿ, ಸರಿ. ನನ್ನ ಅತ್ತೆಯ ಮದುವೆಗೆ ಮನೆಯವರೆಲ್ಲ ರೇಷ್ಮೆ ಉಟ್ಟರಲ್ಲ?” ನೆರೆಯ ದೊಡ್ಡಬಳ್ಳಾಪುರದ ಮಗ್ಗಗಳ ಸದ್ದು ಕೇಳಿ ಬೆಳೆದವನು ನಾನು. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕೆಂಬುದನ್ನೂ, ಹುಳು ಒಳಗಿರುವಾಗಲೇ ಗೂಡನ್ನು ಬೇಯಿಸುತ್ತಾರೆಂಬುದನ್ನೂ ಬಲ್ಲೆ. ನನ್ನಲ್ಲಿ ಉತ್ತರವಿರಲಿಲ್ಲ. ಹೊಸದಾಗಿ ಬಂದ ವಸ್ತುವಿನ ದೋಷವನ್ನು ಹುಡುಕುವ ಕಣ್ಣು ಹಳೆಯ ವಸ್ತುವಿನ ದೋಷವನ್ನು ಕಾಣದಿರುವುದಕ್ಕೆ ಅಭ್ಯಾಸವಲ್ಲದೆ ಬೇರೆ ಕಾರಣವಿಲ್ಲ. ಅಂದಿನಿಂದ ನಮ್ಮ ಮನೆಗೆ ಹೊಸ ರೇಷ್ಮೆ ಬಂದಿಲ್ಲ.

ಮರುವರ್ಷ ಅವಳು ಪುನಃ ಹೊರಟಾಗ ಇಬ್ಬರೂ ಕುಳಿತು ಕ್ರಮವೊಂದನ್ನು ಮಾಡಿಕೊಂಡೆವು. ಮೊದಲ ಸ್ಥಾನ ಬಟ್ಟೆಗೆ. ಮೂಗು, ಗಲ್ಲ, ಕುತ್ತಿಗೆಗಳನ್ನು ಮುಚ್ಚುವ ಒತ್ತಾದ ನೇಯ್ಗೆಯ ಮುಖವಸ್ತ್ರ, ಅಂಚುಳ್ಳ ಟೋಪಿ, ಪಕ್ಕದಿಂದಲೂ ಬೆಳಕು ನುಸುಳದಂತಹ, ಅತಿನೇರಳೆ ಕಿರಣಗಳನ್ನು ಪೂರ್ತಿಯಾಗಿ ತಡೆಯುವ ಕನ್ನಡಕ. ಬಟ್ಟೆ ಮುಚ್ಚಿದಷ್ಟೂ ಲೇಪ ಕಡಿಮೆ ಸಾಕು. ಎರಡನೆಯದು ಸಮಯ: ನಡುಹಗಲಿನ ಒಂದೆರಡು ಗಂಟೆ ಸಾಧ್ಯವಾದಷ್ಟು ನೆರಳಿನಲ್ಲಿರುವುದು, ಮೋಡವಿದೆಯೆಂದು ಮೈಮರೆಯದಿರುವುದು. ಮೂರನೆಯದು ಲೇಪ: ಸತುವಿನ ಆಕ್ಸೈಡಿನದು, ಜೇನುಮೇಣ ಲ್ಯಾನೋಲಿನ್‌ಗಳಿಲ್ಲದುದು. ತುಟಿಗೆ ಹಚ್ಚುವ ಕಡ್ಡಿಗಳಲ್ಲಿ ಜೇನುಮೇಣ ಬಹಳ ಸಾಮಾನ್ಯವಾದುದರಿಂದ, ಕಾರ್ನೌಬಾ ಅಥವಾ ಕ್ಯಾಂಡೆಲಿಲ್ಲಾ ಎಂಬ ಸಸ್ಯಮೇಣಗಳಿಂದ ಮಾಡಿದುದನ್ನು ಹುಡುಕಿ ತಂದೆವು. ಮಧುತ್ಯಾಗವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಗುಣಗಳಲ್ಲಿಯೇ ಸೇರಿಸಿರುವಾಗ, ಅದೇ ಗೂಡಿನ ಮೇಣವನ್ನು ಸಾಧ್ಯವಿದ್ದಾಗ ಬಿಡುವುದು ಯುಕ್ತವೆನಿಸಿತು.

ಎಸ್‌ಪಿಎಫ್ ಎಂಬ ಅಂಕಿಯ ವಿಷಯದಲ್ಲಿ ಆಸೆಪಡಬೇಕಾದುದಿಲ್ಲ. 15ರ ಲೇಪ ಸುಡುವ ಕಿರಣಗಳಲ್ಲಿ ಸುಮಾರು ಶೇಕಡಾ 93ನ್ನು ತಡೆದರೆ 30ರದು 97ನ್ನು, 50ರದು 98ನ್ನು ತಡೆಯುತ್ತದೆ. ಈ ಲೆಕ್ಕ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಧಾರಾಳವಾಗಿ ಹಚ್ಚಿದಾಗಿನದು. ತೆಳುವಾಗಿ ಸವರಿದರೆ ರಕ್ಷಣೆ ಬಹಳ ಇಳಿಯುತ್ತದೆ. ಆದುದರಿಂದ 30ಕ್ಕೆ ಕಡಿಮೆಯಿಲ್ಲದ ಲೇಪವನ್ನು, ಗಲ್ಲದಡಿ, ಕಿವಿ, ಮೂಗಿನ ಕೆಳಭಾಗಗಳನ್ನು ಮರೆಯದೆ ಹಚ್ಚಿ, ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಅಗತ್ಯವಿರುವಷ್ಟನ್ನು ಪೂರ್ತಿಯಾಗಿ ಬಳಸುವುದು, ಅಗತ್ಯವಿಲ್ಲದಾಗ ಮುಟ್ಟದಿರುವುದು: ಭೋಗೋಪಭೋಗ ಪರಿಮಾಣವ್ರತಕ್ಕೆ ಇಷ್ಟು ಸ್ಪಷ್ಟವಾದ ದೈನಂದಿನ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮುಖದಿಂದ ತೊಳೆದುಹೋದ ಲೇಪ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಿದೆವು. ಸೋಲಂಗಿನ ಹಿಮ ಕರಗಿದರೆ ಬಿಯಾಸ್ ನದಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ಎರಡು ದ್ರವ್ಯಗಳು ಹವಳಜೀವಿಗಳಿಗೆ ಹಾನಿಕರವೆಂಬ ಕಾರಣದಿಂದ ಹವಾಯಿ ರಾಜ್ಯವು 2018ರಲ್ಲಿ ಕಾನೂನು ಮಾಡಿ, 2021ರ ಜನವರಿ 1ರಿಂದ ಅವುಳ್ಳ ಲೇಪಗಳನ್ನು ವೈದ್ಯರ ಸೂಚನೆಯಿಲ್ಲದೆ ಮಾರುವುದನ್ನು ನಿಷೇಧಿಸಿತು. ನಮ್ಮ ದೇಶದಲ್ಲಿಯೂ 2014ರಲ್ಲಿ ಪ್ರಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದಕ್ಕೆ ನಿಷೇಧ ಬಂದಿತು. ಅಹಿಂಸೆಯ ಹೆಸರನ್ನೇ ಹೇಳದ ಜನರು ಈ ಎಚ್ಚರವನ್ನು ತೋರಿಸಿರುವಾಗ, ಅದನ್ನು ಪರಮಧರ್ಮವೆನ್ನುವ ನಾವು ಟ್ಯೂಬಿನ ಬೆನ್ನನ್ನು ತಿರುಗಿಸಿ ಓದುವಷ್ಟಾದರೂ ಶ್ರಮಪಡಬೇಡವೇ?

ಹೊರಡುವಾಗ ಅವಳು ಕೊನೆಯದಾಗಿ ಕೇಳಿದಳು: “ನಮ್ಮ ಲೇಪ ಕಳೆದುಹೋಗಿ, ಗೆಳತಿಯರ ಹತ್ತಿರ ಇರುವುದರಲ್ಲಿ ಜೇನುಮೇಣ ಇದ್ದರೆ ಏನು ಮಾಡಲಿ?” ಈ ಸಲ ನಾನು ಕೂಡಲೇ ಉತ್ತರಿಸಲಿಲ್ಲ. ಯೋಚಿಸಿ ಹೇಳಿದೆ: “ಮೊದಲು ಬಟ್ಟೆಯಿಂದ ಮುಚ್ಚಿಕೊಂಡು ನೆರಳಿಗೆ ಹೋಗು. ಅದು ಸಾಧ್ಯವಾಗದಿದ್ದರೆ ಹಚ್ಚಿಕೋ. ಊರಿಗೆ ಬಂದ ಮೇಲೆ ಪ್ರತಿಕ್ರಮಣದಲ್ಲಿ ಅದನ್ನು ನೆನೆಯೋಣ. ಸುಟ್ಟ ಮುಖ ಮಾತ್ರ ತರಬೇಡ.” ಈ ಉತ್ತರ ಸರಿಯೇ ಎಂದು ಬಲ್ಲವರು ತಿದ್ದಲಿ. ಆಪತ್ಕಾಲದ ಸಡಿಲಿಕೆ ಅಭ್ಯಾಸವಾಗಿಬಿಡುವ ಅಪಾಯ ನನಗೂ ತಿಳಿದಿದೆ. ಆದರೂ ಅವಳಿಗೆ ಬೇರೆ ಉತ್ತರ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿಜ್ಞಾಪನೆ. ಸಮಾಜದ ಮಕ್ಕಳು ಬಳಸುವ ಸಾಮಾನ್ಯ ಪ್ರಸಾಧನಗಳ ಮೂಲವನ್ನು ತಯಾರಕರಿಂದ ಲಿಖಿತವಾಗಿ ಕೇಳಿ ತಿಳಿದು, ಪಟ್ಟಿಯೊಂದನ್ನು ಸೂಚನಾಫಲಕದಲ್ಲಿ ಹಾಕಿದರೆ ಅದು ದೊಡ್ಡ ಉಪಕಾರವಾದೀತು. ಒಬ್ಬ ಮುದುಕನ ಪತ್ರಕ್ಕಿಂತ ಸಂಸ್ಥೆಯ ಪತ್ರಕ್ಕೆ ಉತ್ತರ ಬೇಗ ಬರುತ್ತದೆ.

ಇನ್ನೊಂದು ಮಾತು. ಈ ವಿಷಯವನ್ನು ಯೋಚಿಸತೊಡಗಿದ ಮೇಲೆ ನಮ್ಮೂರಿನ ಹೆದ್ದಾರಿಯ ಅಂಚಿನಲ್ಲಿ ಡಾಂಬರು ಹಾಕುವವರ, ಬಸದಿಯ ಮಾಡಿನ ಮೇಲೆ ಗಾರೆ ಕೆಲಸ ಮಾಡುವವರ ಮುಖಗಳು ನನ್ನ ಕಣ್ಣಿಗೆ ಬೀಳತೊಡಗಿವೆ. ಅವರು ಆಟಕ್ಕಾಗಿ ಬಿಸಿಲಿಗೆ ಹೋದವರಲ್ಲ. ಮೊಮ್ಮಗಳ ಮುಖಕ್ಕಾಗಿ ನಾನು ಮೂರು ವಾರ ಪತ್ರವ್ಯವಹಾರ ಮಾಡಿದೆ. ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ತಾರಸಿಯ ಕೆಲಸ ನಡೆದಾಗ, ಕೆಲಸದವರಿಗೆ ಅಗಲ ಅಂಚಿನ ಟೋಪಿಗಳನ್ನು ತಂದುಕೊಟ್ಟು, ನಡುಹಗಲಿನಲ್ಲಿ ಎರಡು ಗಂಟೆ ವಿರಾಮವನ್ನು ಕೂಲಿಯಲ್ಲಿ ಹಿಡಿಯದೆ ಕೊಟ್ಟೆವು. ಕೆಲಸ ಮೂರು ದಿನ ತಡವಾಯಿತು, ಅಷ್ಟೇ.